ಶತ್ರುವಿಗೊಂದು ಅಭಿನಂದನಾ ಪತ್ರ

ಮಾನ್ಯ ಶತ್ರುಗಳೇ,

ಆಳುವ ಪಕ್ಷದ ಪರವಾಗಿ ತಮಗೆ ವಂದನೆ. ನಮ್ಮ ಸಂಪುಟದಲ್ಲಿ ಯಾವ ಖಾತೆಯೂ ಇಲ್ಲದೆ, ಎಲ್ಲ ಮಂತ್ರಿಗಳಿಗಿಂತ ಹೆಚ್ಚು ದುಡಿದವರು ತಾವು. ಬೆಲೆ ಏರಿ ಹಣಕಾಸು ಸಚಿವರು ಕೈಚೆಲ್ಲಿ ಕೂತಾಗ, ಕೆಲಸ ಕೇಳಿಕೊಂಡು ಹುಡುಗರು ಬೀದಿಗಿಳಿದಾಗ, ತಾವು ಗಡಿಯಾಚೆ ಒಮ್ಮೆ ಕೆಮ್ಮಿದರೆ ಸಾಕು, ನಮ್ಮ ಕೆಲಸ ಆದಂತೆಯೇ. ಚುನಾವಣೆ ಹತ್ತಿರ ಬಂದಂತೆ ತಮಗೆ ಕೆಮ್ಮು ಜಾಸ್ತಿಯಾಗುವುದು ಹವಾಮಾನದಿಂದ ಎಂದೇ ನಂಬಿದ್ದೇವೆ.

ತಮ್ಮ ಮಹಿಮೆ ಅರ್ಜೆಂಟೀನಾವನ್ನು ಆಳುತ್ತಿದ್ದ ಜನರಲ್ ಗಾಲ್ಟಿಯೇರಿಗೆ ಚೆನ್ನಾಗಿ ಗೊತ್ತಿತ್ತು. 1982ರ ಮಾರ್ಚ್ 30ರಂದು ಬ್ಯೂನಸ್ ಐರಿಸ್‌ನಲ್ಲಿ ಕಾರ್ಮಿಕರು ಸೇನಾಡಳಿತದ ವಿರುದ್ಧ ಮೆರವಣಿಗೆ ಹೊರಟು ಪೊಲೀಸರಿಂದ ಹೊಡೆಸಿಕೊಂಡರು. ಏಪ್ರಿಲ್ 2ರಂದು ಸೇನೆ ಬ್ರಿಟನ್ನಿನ ಹಿಡಿತದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಇಳಿಯಿತು. ತಗೊಳ್ಳಿ, ಅದೇ ಊರಿನ ಪ್ಲಾಸಾ ದೆ ಮಾಯೊ ಚೌಕದಲ್ಲಿ ಜನ ಕಿಕ್ಕಿರಿದು ಜೈಕಾರ ಹಾಕಿದರು! ಮೂರೇ ದಿನದಲ್ಲಿ ಬೆಲೆ ಇಳಿದಿತ್ತೇ? ಸರ್ಕಾರ ಎತ್ತಿಕೊಂಡು ಹೋಗಿ ಕಾಣೆ ಮಾಡಿದವರು ಮನೆಗೆ ಬಂದಿದ್ದರೇ? ಇಲ್ಲ. ಜೂನ್ 14ರಂದು ಸೇನೆ ಶರಣಾದ ಮೇಲಷ್ಟೇ ಹಳೆಯ ಪ್ರಶ್ನೆಗಳೆಲ್ಲ ನೆನಪಿಗೆ ಬಂದವು. ಒಂದು ವಾರದೊಳಗೆ ಜನರಲ್ ಸಾಹೇಬರ ಕುರ್ಚಿ ಹೋಯಿತು. ಅತ್ತ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ 1983ರ ಚುನಾವಣೆಯಲ್ಲಿ ಭರ್ಜರಿಯಾಗಿ ಗೆದ್ದರು. ಸತ್ತ ಒಂಬೈನೂರಕ್ಕೂ ಹೆಚ್ಚು ಮಂದಿ ಮಾತ್ರ ಯಾರಿಗೂ ಮತ ಹಾಕಲಿಲ್ಲ.

ಯುದ್ಧವೇ ಆಗಬೇಕೆಂದಿಲ್ಲ. ಇರಾಕ್ ಮೇಲಿನ ದಾಳಿಗೆ ಫ್ರಾನ್ಸ್ ಒಪ್ಪಲಿಲ್ಲವೆಂದು 2003ರಲ್ಲಿ ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ 'ಫ್ರೆಂಚ್ ಫ್ರೈಸ್' ಅಳಿಸಿ 'ಫ್ರೀಡಂ ಫ್ರೈಸ್' ಎಂದು ಬರೆಸಿದರು. ಆಲೂಗಡ್ಡೆಯೂ ದೇಶಭಕ್ತಿ ರುಜುವಾತು ಮಾಡಬೇಕಾಯಿತು. 2006ರಲ್ಲಿ ಸದ್ದಿಲ್ಲದೆ ಹಳೆಯ ಹೆಸರೇ ಬಂತು. ಇರಾಕಿನಲ್ಲಿ ಇವೆ ಎಂದಿದ್ದ ಮಹಾಸಂಹಾರಕ ಅಸ್ತ್ರಗಳು ಮಾತ್ರ ಬರಲೇ ಇಲ್ಲ.

ತಾವು ರಜೆಯಲ್ಲಿದ್ದಾಗ ನಮಗೆ ಬದಲಿ ವ್ಯವಸ್ಥೆಯೂ ಇದೆ: ಲೆಕ್ಕ ಕೇಳುವವನು. ಸೇತುವೆ ಯಾಕೆ ಕುಸಿಯಿತು ಎಂದವನಿಗೆ "ಗಡಿಯಲ್ಲಿ ಸೈನಿಕ ನಿದ್ದೆಗೆಟ್ಟು ನಿಂತಿದ್ದಾನೆ, ನಿನಗೆ ಸೇತುವೆಯ ಚಿಂತೆಯೇ?" ಎನ್ನುತ್ತೇವೆ. ಅದೇ ಸೈನಿಕ ನಿವೃತ್ತನಾಗಿ ಪಿಂಚಣಿ ಕೇಳಲು ಬಂದರೆ? ಅವನನ್ನೂ ಲೆಕ್ಕ ಕೇಳುವವರ ಸಾಲಿನಲ್ಲೇ ನಿಲ್ಲಿಸುತ್ತೇವೆ. ಪಕ್ಷಪಾತ ನಮ್ಮಲ್ಲಿಲ್ಲ.

ಒಂದೇ ಕೊರಗು. ತಮ್ಮ ಸೇವೆಯ ಅವಧಿ ಬಹಳ ಕಡಿಮೆ. ಕೊಲ್ಲಿ ಯುದ್ಧ ಗೆದ್ದ 1991ರಲ್ಲಿ ಅಮೆರಿಕದ ಅಧ್ಯಕ್ಷ ಹಿರಿಯ ಬುಷ್ ಅವರನ್ನು ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 89 ಮಂದಿ ಮೆಚ್ಚಿದ್ದರು. ಮರುವರ್ಷ ಚುನಾವಣೆಯಲ್ಲಿ ಕ್ಲಿಂಟನ್ ಎದುರು ಸೋತೇಹೋದರು. ಆದ್ದರಿಂದ ದಯವಿಟ್ಟು ಪೂರ್ತಿ ಸೋಲಬೇಡಿ. ಗೆಲ್ಲುವುದಂತೂ ಬೇಡವೇ ಬೇಡ. ಸ್ನೇಹಹಸ್ತ ಚಾಚುವುದಿದ್ದರೆ ಮತ ಎಣಿಕೆ ಮುಗಿಯಲಿ.

ಇಂತಿ ತಮ್ಮ ವಿಶ್ವಾಸಿ,
ಆಳುವ ಪಕ್ಷ

ವಿ.ಸೂ.: ತಾವು ನಮಗೆ ಕಳಿಸಿದ ಅಭಿನಂದನಾ ಪತ್ರವೂ ತಲುಪಿದೆ. ಒಕ್ಕಣೆ ಇದೇ ಇದೆ, ಅಕ್ಷರವೂ ವ್ಯತ್ಯಾಸವಿಲ್ಲ. ತಮ್ಮ ಚುನಾವಣೆಯ ದಿನಾಂಕ ಬರೆಯಲು ಮಾತ್ರ ಮರೆತಿದ್ದೀರಿ. ಬೇಗ ತಿಳಿಸಿ, ನಮ್ಮ ಕಡೆಯಿಂದ ತಯಾರಿ ಆಗಬೇಕು.