ಸಂಘಕ್ಕೆ ದುಡ್ಡು ಬೇಕಾ? ಔಷಧಿ ಅಂಗಡಿ ಮೆಟ್ಟಿಲು ಹತ್ತಬೇಡಿ

ಕೃಷಿ ಕಾಲೇಜಿನ ವಿದ್ಯಾರ್ಥಿ ಸಂಘದವರು ಲೆಟರ್‌ಹೆಡ್ ಹಿಡಿದು ಓಡಾಡುವ ಕಾಲ ಮತ್ತೆ ಬಂದಿದೆ. ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೂ ದುಡ್ಡು ಕೇಳಿ ಒಂದು ಪತ್ರ ಬಂತು. ಪ್ಲಾಟಿನಂ ಪ್ರಾಯೋಜಕರಿಗೆ ವೇದಿಕೆ ಹಿಂದೆ ಬ್ಯಾನರ್, ಗೋಲ್ಡ್ ಪ್ರಾಯೋಜಕರಿಗೆ ಗೇಟಿನ ಹತ್ತಿರ ಬ್ಯಾನರ್, ಸಿಲ್ವರ್‌ನವರಿಗೆ ಟೀ ಶರ್ಟಿನ ಬೆನ್ನ ಮೇಲೆ ಹೆಸರು. ಪ್ಲಾಟಿನಂ ಜಾಗಕ್ಕೆ ಬರೋರು ಯಾರು ಅಂತ ನಮಗೆಲ್ಲ ಗೊತ್ತು. ಕೀಟನಾಶಕ ಕಂಪನಿಯ ಸೇಲ್ಸ್‌ನವರು, ಇಲ್ಲವಾದರೆ ಪೇಟೆಯ ಗೊಬ್ಬರ-ಔಷಧಿ ಅಂಗಡಿಯವರು.

ನನ್ನ ಅಭಿಪ್ರಾಯ ಕೇಳಿದರೆ, ಆ ದುಡ್ಡು ಬೇಡ. ಅವರು ಕೆಟ್ಟವರು ಅಂತಲ್ಲ, ನಮ್ಮ ಬ್ಯಾಚಿನ ಎಷ್ಟೋ ಜನಕ್ಕೆ ಅವರೇ ಅನ್ನ ಕೊಡ್ತಿದ್ದಾರೆ. ತೊಂದರೆ ಬೇರೆ. ಎಲೆ ಮುದುರಿದ ಮೆಣಸಿನ ಗಿಡ ಕಿತ್ತುಕೊಂಡು ರೈತ ಮೊದಲು ಹೋಗೋದು ಅಂಗಡಿಗೆ, ರೈತ ಸಂಪರ್ಕ ಕೇಂದ್ರಕ್ಕಲ್ಲ. ಇದು ಸರ್ಕಾರಕ್ಕೂ ಗೊತ್ತು. ಅದಕ್ಕೇ ಹೈದರಾಬಾದಿನಲ್ಲಿರೋ ಕೇಂದ್ರ ಸರ್ಕಾರದ ಕೃಷಿ ವಿಸ್ತರಣಾ ಸಂಸ್ಥೆ 'ಮ್ಯಾನೇಜ್' 2003ರಲ್ಲಿ ಅಂಗಡಿಯವರಿಗಾಗಿಯೇ 'ಡೇಸಿ' ಅನ್ನೋ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿತು. ಸಲಹೆ ಕೊಡೋನೂ ಅವನೇ, ಬಾಟಲಿ ಮಾರೋನೂ ಅವನೇ. ಈ ವ್ಯಾಪಾರದ ಹೊರಗೆ ನಿಂತು "ಇದಕ್ಕೆ ಔಷಧಿ ಬೇಡ ಅಣ್ಣಾ, ನಾಲ್ಕು ದಿನ ನೋಡು" ಅನ್ನಬೇಕಾದವರು ಯಾರಪ್ಪಾ ಅಂದರೆ ಕೃಷಿ ಓದಿದವರು. ಅವರು ಎರಡನೇ ವರ್ಷದಲ್ಲೇ ಕಂಪನಿ ಟೀ ಶರ್ಟ್ ಹಾಕಿಕೊಂಡು ಹಳ್ಳಿಗೆ ಹೋದರೆ ರೈತ ಏನಂದುಕೊಳ್ಳಬೇಕು?

ಹಾಗಾದರೆ ದುಡ್ಡು ಎಲ್ಲಿಂದ ತರೋದು ಅಂತ ಕೇಳ್ತೀರಿ, ಕೇಳಲೇಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಸಂಕ್ರಾಂತಿ. ಅಂತಿಮ ವರ್ಷದವರು 'ರಾವೆ' ಅನ್ನೋ ಗ್ರಾಮೀಣ ಕೃಷಿ ಅನುಭವದ ತರಬೇತಿಗೆ ಅಂತ ತಿಂಗಳುಗಟ್ಟಲೆ ಹಳ್ಳಿಯಲ್ಲಿರ್ತಾರೆ. ಯಾರ ಹೊಲದಲ್ಲಿ ಅವರೆ ಚೆನ್ನಾಗಿದೆ, ಯಾರ ಕಬ್ಬು ಜಲ್ಲೆ ನೇರವಾಗಿದೆ, ಯಾರು ತೂಕದಲ್ಲಿ ಮೋಸ ಮಾಡಲ್ಲ, ಎಲ್ಲ ಗೊತ್ತಿರುತ್ತೆ. ಪೇಟೆಯ ಯಾವ ವ್ಯಾಪಾರಿಗೂ ಇಂಥ ಪರಿಚಯ ಇರಲ್ಲ. ವರದಿ ಬರೆದು, ಸೀಲ್ ಹಾಕಿಸಿ, ಅದನ್ನೆಲ್ಲ ಅಲ್ಲೇ ಬಿಟ್ಟು ಬರ್ತೀರಿ. ಬಿಡಬೇಡಿ. ಎರಡು ಜಲ್ಲೆ ಕಬ್ಬು, ಒಂದು ಕೆಜಿ ಅವರೆಕಾಯಿ, ಕಡಲೆಕಾಯಿ, ಗೆಣಸು ಸೇರಿಸಿ ಒಂದು ಹಬ್ಬದ ಚೀಲ ಮಾಡಿ. ಡಿಸೆಂಬರಿನಲ್ಲೇ ಸಿಬ್ಬಂದಿ ವಸತಿಗೃಹ, ಅಕ್ಕಪಕ್ಕದ ಅಪಾರ್ಟ್‌ಮೆಂಟು, ಹಳೇ ವಿದ್ಯಾರ್ಥಿಗಳು, ಎಲ್ಲರ ಹತ್ತಿರ ಮುಂಗಡ ಬುಕ್ ಮಾಡಿಸಿ. ಆರ್ಡರ್ ಎಷ್ಟೋ ಅಷ್ಟೇ ಖರೀದಿ. ಚೀಲಕ್ಕೆ 50 ರೂಪಾಯಿ ಉಳಿದರೂ 300 ಚೀಲಕ್ಕೆ 15,000 ಆಯಿತು. ಸಾಲದು ಅನ್ನೋದಾದರೆ ಚೀಲ ಹೆಚ್ಚು ಮಾಡಿ. ರೈತನ ದರ ಮಾತ್ರ ಕೊರೆಯಬೇಡಿ, ಮಂಡಿಯಲ್ಲಿ ಸಿಗೋದಕ್ಕಿಂತ ಒಂದೆರಡು ರೂಪಾಯಿ ಜಾಸ್ತಿಯೇ ಕೊಡಿ.

ಅವರೆ ಅಂದ ಮೇಲೆ ಸೊಗಡವರೆಯೇ ಇರಲಿ. ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆ ಅಂಟಬೇಕು, ಆ ವಾಸನೆ ಕೈ ತೊಳೆದರೂ ಹೋಗಬಾರದು. ನಾಟಿ ಅವರೆ ಹಗಲು ಗಿಡ್ಡ ಆದ ಮೇಲಷ್ಟೇ ಹೂ ಬಿಡುತ್ತೆ, ಅದಕ್ಕೇ ಚಳಿಗಾಲದ ಬೆಳೆ. ಬೆಂಗಳೂರು ಕೃಷಿ ವಿವಿಯ 'ಹೆಬ್ಬಾಳ ಅವರೆ' ಎಚ್‌ಎ-3, ಎಚ್‌ಎ-4 ತಳಿಗಳಿಗೆ ಹಗಲಿನ ಲೆಕ್ಕ ಇಲ್ಲ, ವರ್ಷವಿಡೀ ಬೆಳೀಬಹುದು. ರೈತನಿಗೆ ಅದು ದೊಡ್ಡ ಅನುಕೂಲ. ಆದರೂ ಸಂಕ್ರಾಂತಿಗೆ ಬೆಂಗಳೂರಿನವರು ಹುಡುಕೋದು ಸೊಗಡನ್ನೇ. ಇದನ್ನು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು, ಬೆಳೆದ ಊರಿನ ಹೆಸರು ಹಾಕಿ ಚೀಲದೊಳಗಿಡಿ. ಬೀದಿ ಬದಿಯ ರಾಶಿಗೂ ನಿಮ್ಮ ಚೀಲಕ್ಕೂ ವ್ಯತ್ಯಾಸ ಅಲ್ಲೇ ಇರೋದು.

ಇನ್ನೂ ಶ್ರಮ ಹಾಕೋ ಮನಸ್ಸಿದ್ದರೆ ಹಿದುಕಿದ ಬೇಳೆ ಮಾಡಿ. ಒಂದು ಕೆಜಿ ಕಾಯಿ ಸುಲಿದರೆ ಕಾಳು ಅರ್ಧದಷ್ಟು ಸಿಕ್ಕೋದೂ ಕಷ್ಟ. ಕಾಳನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಯಾಚೆ ಹಾರುತ್ತೆ. ಹತ್ತು ಜನ ಕೂತು ಹರಟುತ್ತಾ ಮಾಡೋ ಕೆಲಸ ಅದು, ಒಬ್ಬರಿಗೆ ಹಚ್ಚಿದರೆ ಶಿಕ್ಷೆ. ಪೇಟೆಯ ಮನೆಗಳಲ್ಲಿ ಹಿದುಕೋಕೆ ಪುರುಸೊತ್ತಿಲ್ಲ, ಸಾರು ಮಾತ್ರ ಎಲ್ಲರಿಗೂ ಬೇಕು, ಹಾಗಾಗಿ ಬೆಲೆ ಕೇಳಿ ಯಾರೂ ಮುಖ ಸಿಂಡರಿಸಲ್ಲ. ಅವತ್ತು ಹಿದುಕಿದ್ದು ಅವತ್ತೇ ಮಾರಿಬಿಡಬೇಕು, ಅಷ್ಟೆ. ಎಳ್ಳು-ಬೆಲ್ಲದ ಪೊಟ್ಟಣಕ್ಕಾಗಲಿ ಇದಕ್ಕಾಗಲಿ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ವಿಷಯ ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲರೂ ಹೇಳೋದು ಅಣಬೆ. ಚಿಪ್ಪು ಅಣಬೆ ಸುಲಭ, ನಿಜ. ಭತ್ತದ ಹುಲ್ಲು ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಅದ್ದಿ, ನೀರು ಬಸಿದು, ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜ ಹಾಕಿ ಕತ್ತಲಲ್ಲಿಟ್ಟರೆ ಎರಡು ಮೂರು ವಾರಕ್ಕೆ ಬಿಳಿ ಬೂಷ್ಟು ತುಂಬಿಕೊಳ್ಳುತ್ತೆ, ಆಮೇಲೆ ಕೊಯ್ಲು. ಆದರೆ ಕೊಯ್ದ ಅಣಬೆ ಹೊರಗಿಟ್ಟರೆ ಒಂದೆರಡು ದಿನವೂ ತಡೆಯಲ್ಲ. ಕೊಯ್ಲು ಇಂಟರ್ನಲ್ಸ್ ದಿನಕ್ಕೇ ಬಂದು ನಿಂತರೆ ಅಷ್ಟೂ ಮೆಸ್ಸಿನ ಪಲ್ಯಕ್ಕೆ. ಹಾಸ್ಟೆಲ್ ರೂಮಿನಲ್ಲಂತೂ ಚೀಲ ನೇತುಹಾಕಬೇಡಿ, ಅದರ ಬೀಜಕಣ ಮೂಗಿಗೆ ಹೋಗಿ ಕೆಮ್ಮು ಹಿಡಿಯುತ್ತೆ.

ವಿದ್ಯಾರ್ಥಿ ಸಂಘಗಳ ಯೋಜನೆ ನೆಲಕಚ್ಚೋದು ಬಂಡವಾಳ ಇಲ್ಲದೆ ಅಲ್ಲ, ರಜೆ ಬಂದು. ಸೆಮಿಸ್ಟರ್ ಮುಗೀತು, ಎಲ್ಲರೂ ಊರಿಗೆ ಹೊರಟರು, ಎರೆಹುಳು ತೊಟ್ಟಿಗೆ ನೀರು ಚಿಮುಕಿಸೋರು ಯಾರು? ವಾಪಸ್ ಬಂದು ನೋಡಿದರೆ ತೊಟ್ಟಿ ಒಣಗಿ ಇರುವೆ ಸೇರಿರುತ್ತೆ. ಅದಕ್ಕೇ ಬೆಳೆ ಆರಿಸುವಾಗ ಪಂಚಾಂಗಕ್ಕಿಂತ ಮುಂಚೆ ಅಕಾಡೆಮಿಕ್ ಕ್ಯಾಲೆಂಡರ್ ನೋಡಿ. ಮೆಂತ್ಯ, ದಂಟು ಒಂದು ತಿಂಗಳಿಗೆ ಕೈಗೆ ಬರುತ್ತೆ. ಟೊಮೆಟೊ, ಬದನೆ, ಮೆಣಸಿನ ಸಸಿಯೂ ಹೆಚ್ಚುಕಡಿಮೆ ಅಷ್ಟೇ. 98 ಗುಳಿಯ ಪ್ರೋಟ್ರೇ ಅನ್ನೋ ಸಸಿ ತಟ್ಟೆಯಿಂದ ಸಸಿ ಎಳೆದಾಗ ಬಿಳಿ ಬೇರು ತೆಂಗಿನ ನಾರಿನ ಪುಡಿಯನ್ನು ಉದುರದ ಹಾಗೆ ಹಿಡಿದುಕೊಂಡಿದ್ದರೆ ಮಾರಾಟಕ್ಕೆ ತಯಾರು ಅಂತ ಅರ್ಥ. ರೈತರಿಗೆ ಮಾರೋಕೆ ಹೋಗಬೇಡಿ, ನರ್ಸರಿಯವರ ದರಕ್ಕೆ ನೀವು ನಿಲ್ಲಲ್ಲ. ತಾರಸಿ ತೋಟದವರಿಗೆ ಮಾರಿ. ಅವರು ತಗೊಳ್ಳೋದು ನಾಲ್ಕೇ ಸಸಿ, ಕೇಳೋದು ನಲವತ್ತು ಪ್ರಶ್ನೆ.

ಆ ನಲವತ್ತು ಪ್ರಶ್ನೆಯಲ್ಲೇ ದುಡ್ಡಿದೆ. ಭಾನುವಾರ ಅರ್ಧ ದಿನದ ತಾರಸಿ ತೋಟದ ತರಬೇತಿ, ಅಡುಗೆಮನೆ ಕಸದಿಂದ ಗೊಬ್ಬರ ಮಾಡೋ ಪಾಠ, ಮಾವಿಗೆ ಕಸಿ ಕಟ್ಟಿ ತೋರಿಸೋದು, ಶಾಲೆ ಮಕ್ಕಳನ್ನು ಕರೆಸಿ ಕಡಲೆಕಾಯಿ ಗಿಡ ಕೀಳಿಸೋದು. ಖರ್ಚು ಕಡಿಮೆ, ಕೊಳೆಯೋ ಸರಕಿಲ್ಲ. ಜನ ಶುಲ್ಕ ಕೊಟ್ಟು ಬರ್ತಾರೆ. ಗುಂಪಿನ ಮುಂದೆ ನಿಂತು ಮಾತಾಡೋ ಅಭ್ಯಾಸ ಆಗೋದು ಬೇರೆ.

ಕಾನೂನಿನ ಒಂದು ಮಾತು. ಲ್ಯಾಬಿನಲ್ಲಿ ಟ್ರೈಕೋಡರ್ಮಾ ಅನ್ನೋ, ಬೆಳೆ ರೋಗ ತಡೆಯೋ ಶಿಲೀಂಧ್ರ ಬೆಳೆಸಿ ಪೊಟ್ಟಣ ಕಟ್ಟಿ ಮಾರೋಣ ಅಂತ ಒಬ್ಬರಾದರೂ ಹೇಳೇ ಹೇಳ್ತಾರೆ. ಜೈವಿಕವಾದರೂ ಅದು 1968ರ ಕೀಟನಾಶಕ ಕಾಯ್ದೆಯೊಳಗೆ ಬರುತ್ತೆ, ನೋಂದಣಿ, ಪರವಾನಗಿ ಇಲ್ಲದೆ ಮಾರೋ ಹಾಗಿಲ್ಲ. ಎರೆಗೊಬ್ಬರಕ್ಕೂ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಗುಣಮಟ್ಟ ಗೊತ್ತುಮಾಡಿದ್ದಾರೆ. ಕಾಲೇಜಿನ ಜಮೀನಿನಲ್ಲಿ ಬೆಳೆದಿದ್ದು ಕಾಲೇಜಿನ ಆಸ್ತಿ, ಡೀನ್ ಅನುಮತಿ ಬರವಣಿಗೆಯಲ್ಲಿರಲಿ.

ಲೆಕ್ಕದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳ್ತೀನಿ. ಕ್ಯೂಆರ್ ಕೋಡು ಖಜಾಂಚಿಯ ಸ್ವಂತ ನಂಬರಿನದ್ದಾದರೆ ನಾನು ಒಂದು ರೂಪಾಯಿನೂ ಹಾಕಲ್ಲ. ಸಂಘದ ಹೆಸರಲ್ಲಿ ಖಾತೆ ತೆಗೀರಿ, ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿ ಇಬ್ಬರ ಸಹಿ ಇರಲಿ. ಖರ್ಚಿನ ಪಟ್ಟಿ ನೋಟಿಸ್ ಬೋರ್ಡಿಗೆ ಅಂಟಿಸಿ. ಹುಡುಗರು ಕಳ್ಳರಂತ ಹೇಳ್ತಿಲ್ಲ, ಆದರೆ ಸ್ನೇಹಿತರ ನಡುವೆ ಜಗಳ ಹುಟ್ಟೋಕೆ ಎಂಟು ನೂರು ರೂಪಾಯಿ ಲೆಕ್ಕ ಸಿಗದಿದ್ದರೆ ಸಾಕು.

ಅಮೆರಿಕದಲ್ಲಿ 1928ರಿಂದ ಎಫ್‌ಎಫ್‌ಎ ಅಂತ ಶಾಲಾ ಮಕ್ಕಳ ಕೃಷಿ ಸಂಘಗಳಿವೆ. ಅವುಗಳಲ್ಲಿ ಎಷ್ಟೋ ಶಾಖೆಗಳು ಕ್ರಿಸ್‌ಮಸ್‌ಗೆ ಮುಂಚೆ ಮನೆ ಮನೆ ಆರ್ಡರ್ ತಗೊಂಡು ಕಿತ್ತಳೆ ಪೆಟ್ಟಿಗೆ ತರಿಸಿ ಮಾರಿ ದುಡ್ಡು ಕೂಡಿಸ್ತವೆ. ಹಿಮ ಬೀಳೋ ಊರಲ್ಲಿ ಬೇರೆ ರಾಜ್ಯದ ಕಿತ್ತಳೆ! ನಿಮಗೆ ಅಷ್ಟು ದೂರ ಹೋಗೋ ಕಷ್ಟವೂ ಇಲ್ಲ, ಅವರೆ ಹೊಲ ಬಸ್ಸಿನ ದಾರಿಯಲ್ಲೇ ಇದೆ.

ಪ್ಲಾಟಿನಂ ಪತ್ರಕ್ಕೆ ನನ್ನ ಉತ್ತರ ಇಷ್ಟೇ, ಚಂದಾ ಕೊಡಲ್ಲ. ಸಂಕ್ರಾಂತಿಗೆ ಐದು ಚೀಲ ಬರೆದುಕೊಳ್ಳಿ, ದುಡ್ಡು ಮುಂಗಡ ಹಾಕ್ತೀನಿ, ಜೊತೆಗೆ ಎರಡು ಕೆಜಿ ಹಿದುಕಿದ ಬೇಳೆ. ಈ ಬರಹ ಓದ್ತಿರೋ ನಮ್ಮ ಬ್ಯಾಚಿನವರು ಸುಮ್ಮನೆ ಲೈಕ್ ಒತ್ತಿ ಹೋಗದೆ ಎಷ್ಟು ಚೀಲ ಬೇಕು ಅಂತ ಕೆಳಗೆ ಬರೀರಿ. ನೀವು ಓದುವಾಗ ಸಂಘಕ್ಕೆ ದುಡ್ಡು ಹೇಗೆ ಕೂಡಿಸಿದ್ರಿ ಅನ್ನೋದನ್ನೂ ಹೇಳಿ, ಲಾಟರಿ ಚೀಟಿ ಮಾರಿದ ಕತೆ ಬಿಟ್ಟು!