ಕ್ಯಾರಿ ಗ್ರಾಂಟ್ ಬಿದ್ದರೇ ಚೆಂದ

ಹಾಲಿವುಡ್‌ನ ಹಳೆಯ ನಟ ಕ್ಯಾರಿ ಗ್ರಾಂಟ್ ಸಿನಿಮಾಗಳ ಬಗ್ಗೆ ನನ್ನ ಮೊದಲ ತಕರಾರು ಅವನ ಸೂಟಿನದು. 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಅವನು ರಾತ್ರಿಯನ್ನು ರೈಲಿನಲ್ಲಿ ಕಳೆದು, ಮರುದಿನ ಬಟಾಬಯಲಿನಲ್ಲಿ ಬಸ್ಸಿಳಿಯುತ್ತಾನೆ. ಬೆಳೆಗೆ ಔಷಧಿ ಹೊಡೆಯುವ ವಿಮಾನವೊಂದು ಅವನ ಮೇಲೆರಗುತ್ತದೆ. ಮಣ್ಣಿನಲ್ಲಿ ಬೋರಲು ಬೀಳುತ್ತಾನೆ, ಮೆಕ್ಕೆಜೋಳದ ಹೊಲದಲ್ಲಿ ಔಷಧಿಯ ಪುಡಿಯನ್ನು ಮೈತುಂಬ ಸುರಿಸಿಕೊಳ್ಳುತ್ತಾನೆ, ಸಾಲದ್ದಕ್ಕೆ ಟ್ಯಾಂಕರ್ ಲಾರಿಯ ಅಡಿಗೂ ಹೋಗಿ ಬರುತ್ತಾನೆ. ಶಿಕಾಗೋದ ಹೋಟೆಲಿನವರು ಆ ಸೂಟನ್ನು ಅಂದೇ ಒರೆಸಿ, ಇಸ್ತ್ರಿ ಮಾಡಿ ಕೊಟ್ಟುಬಿಡುತ್ತಾರೆ. ಖಳರೆಲ್ಲ ಕೂತಿರುವ ಹರಾಜಿನ ಸಭೆಗೆ ಅವನು ಮದುವಣಿಗನಂತೆ ಹೋಗುತ್ತಾನೆ. ನಮ್ಮ ಬೀದಿಯ ಇಸ್ತ್ರಿ ಗಾಡಿಗೆ ಸೋಮವಾರ ಕೊಟ್ಟ ಷರಟು ಗುರುವಾರ ಬರುತ್ತದೆ. ಬರುವಾಗ ಪಕ್ಕದ ಮನೆಯವರದೂ ಒಂದನ್ನು ಕರೆತರುತ್ತದೆ.

1963ರ ‘ಷರೇಡ್’ನಲ್ಲಂತೂ ಅವನು ಸೂಟು ತೊಟ್ಟುಕೊಂಡೇ ಶವರಿನ ಕೆಳಗೆ ನಿಂತು ಸೋಪು ಹಚ್ಚಿಕೊಳ್ಳುತ್ತಾನೆ. ಆಗ ಅವನಿಗೆ ಅರವತ್ತರ ಅಂಚು. ಜೊತೆಯಲ್ಲಿರುವ ಆಡ್ರೆ ಹೆಪ್‌ಬರ್ನ್ ಅವನಿಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು. ಈ ವಯಸ್ಸಿನಲ್ಲಿ ತಾನು ಹುಡುಗಿಯ ಬೆನ್ನು ಹತ್ತುವುದು ಸರಿಕಾಣದು, ಅವಳೇ ತನ್ನ ಬೆನ್ನು ಹತ್ತಲಿ ಎಂದು ಅವನು ಚಿತ್ರಕಥೆಯನ್ನೇ ತಿದ್ದಿಸಿದ. ಇದನ್ನು ಹೇಳಿದಾಗ ನನ್ನ ಹೆಂಡತಿ, “ಪರವಾಗಿಲ್ಲ, ನಾಚಿಕೆಯಾದರೂ ಇದೆ. ನಮ್ಮ ಹೀರೋಗಳಿಗೆ ಅದೂ ಇಲ್ಲ” ಎಂದಳು.

‘ಸಸ್ಪಿಷನ್’ (1941) ನನ್ನ ಪಾಲಿಗೆ ಶುದ್ಧ ಮೋಸ. ಹಾಲಿನ ಲೋಟದೊಳಗೆ ಬಲ್ಬು ಇಟ್ಟು ಹೊಳೆಯಿಸಿ, ಗಂಡ ವಿಷವಿಕ್ಕುತ್ತಾನೆಂದು ಚಿತ್ರದುದ್ದಕ್ಕೂ ನಂಬಿಸಿ, ಕೊನೆಗೆ ಅವನು ಪಾಪದವನು ಎಂದುಬಿಡುತ್ತಾರೆ. ಗ್ರಾಂಟ್ ಕೊಲೆಗಾರನಾದರೆ ಜನ ಒಪ್ಪಲಾರರೆಂಬ ಭಯ ಸ್ಟುಡಿಯೋದವರಿಗೆ.

ಪ್ರೇಮಿಯಾಗಿ, ಶಂಕಿತನಾಗಿ ಅವನು ನನಗೆ ಅಷ್ಟಕ್ಕಷ್ಟೆ. ಬಿದ್ದಾಗ ಮಾತ್ರ ಅವನಿಗೆ ಸಾಟಿಯಿಲ್ಲ. ಅದು ಕಲಿತ ವಿದ್ಯೆ. 1904ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಆರ್ಚಿಬಾಲ್ಡ್ ಲೀಚ್ ಎಂಬ ಹೆಸರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬಾಬ್ ಪೆಂಡರನ ದೊಂಬರಾಟದ ತಂಡ ಸೇರಿ, 1920ರಲ್ಲಿ ಅವರೊಂದಿಗೆ ಅಮೆರಿಕಕ್ಕೆ ಬಂದವನು. ಹೊಟ್ಟೆಪಾಡಿಗೆ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಮರಗಾಲು ಕಟ್ಟಿಕೊಂಡೂ ನಡೆದ.

ಆ ವಿದ್ಯೆಯ ಬೆಲೆ ಗೊತ್ತಾಗಬೇಕಾದರೆ 1938ರ ‘ಬ್ರಿಂಗಿಂಗ್ ಅಪ್ ಬೇಬಿ’ ನೋಡಬೇಕು. ಅದರಲ್ಲಿ ಅವನು ದಪ್ಪ ಕನ್ನಡಕದ ಪಳೆಯುಳಿಕೆ ವಿಜ್ಞಾನಿ. ಕ್ಯಾಥರೀನ್ ಹೆಪ್‌ಬರ್ನ್ ಬೀಳಿಸಿದ ಆಲಿವ್ ಕಾಯಿಯ ಮೇಲೆ ಕಾಲಿಟ್ಟು ಧೊಪ್ಪನೆ ಬಿದ್ದು, ತನ್ನ ಟೊಪ್ಪಿಯ ಮೇಲೇ ಕೂರುತ್ತಾನೆ. ಆಮೇಲೆ ಅವಳ ಕೈಗೆ ಸಿಕ್ಕಿ ಇವನ ಕೋಟು ಹರಿಯುತ್ತದೆ, ಇವನ ಕಾಲಿಗೆ ಸಿಕ್ಕಿ ಅವಳ ಗೌನಿನ ಹಿಂಭಾಗ ಕಿತ್ತು ಬರುತ್ತದೆ. ಅವಳಿಗೆ ಅದರ ಅರಿವಿಲ್ಲ. ಇವನು ಟೊಪ್ಪಿಯನ್ನು ಅಡ್ಡ ಹಿಡಿದು ಮರೆಮಾಡಲು ಹೋಗಿ ಬೈಸಿಕೊಳ್ಳುತ್ತಾನೆ. ಕೊನೆಗೆ ಅವಳ ಬೆನ್ನಿಗಂಟಿಕೊಂಡು, ಹೆಜ್ಜೆಗೆ ಹೆಜ್ಜೆ ಹಾಕಿ, ಇಡೀ ಹೋಟೆಲೇ ನೋಡುತ್ತಿರುವಾಗ ಇಬ್ಬರೂ ಕವಾಯತು ಮಾಡುತ್ತ ಹೊರನಡೆಯುತ್ತಾರೆ. ಮುಖದಲ್ಲಿ ಮಾತ್ರ ಪ್ರಾಧ್ಯಾಪಕನ ಗಾಂಭೀರ್ಯ ಒಂದಿಷ್ಟೂ ಕದಲಿಲ್ಲ. ಇಂಥ ಚಿತ್ರ ಬಿಡುಗಡೆಯಾದಾಗ ಮಕಾಡೆ ಮಲಗಿತ್ತಂತೆ! ಮದುವೆಯೊಂದರಲ್ಲಿ ಚೆಲ್ಲಿದ್ದ ಪಾಯಸದ ಮೇಲೆ ನಾನು ಜಾರಿ ಬಿದ್ದಾಗ ಪಂಚೆ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ. ಟೊಪ್ಪಿ ಅಡ್ಡ ಹಿಡಿಯುವವರು ಯಾರೂ ಇರಲಿಲ್ಲ. ಹಿಂದೆಯೇ ಇದ್ದವನು ವಿಡಿಯೋದವನು.

‘ಟು ಕ್ಯಾಚ್ ಎ ಥೀಫ್’ (1955) ಚಿತ್ರದಲ್ಲಿ ಫ್ರಾನ್ಸಿನ ಕಡಲತೀರವಿದೆ, ಗ್ರೇಸ್ ಕೆಲ್ಲಿ ಇದ್ದಾಳೆ, ಬಾಣಬಿರುಸೂ ಇದೆ. ಇವನದು ಮಾತ್ರ ಮೈಗೆ ಮಣ್ಣಂಟದ ನಟನೆ. ಕಟ್ಟಕಡೆಯಲ್ಲಿ ಅವನ ಬೆಟ್ಟದ ಮೇಲಿನ ಬಂಗಲೆಯಲ್ಲಿ ಅವನನ್ನು ಅಪ್ಪಿಕೊಂಡ ಕೆಲ್ಲಿ, ಅಮ್ಮನಿಗೂ ಈ ಜಾಗ ತುಂಬ ಹಿಡಿಸುತ್ತದೆ ಎನ್ನುತ್ತಾಳೆ. ಆಗ ಅವನ ಮುಖ ನೋಡಬೇಕು: ಅದು ಬೀಳದೆಯೇ ಬಿದ್ದವನ ಮುಖ. ಆ ಭಾವೀ ಅತ್ತೆಯಾಗಿ ನಟಿಸಿದವಳು ಜೆಸ್ಸಿ ರಾಯ್ಸ್ ಲ್ಯಾಂಡಿಸ್. ನಾಲ್ಕು ವರ್ಷದ ಮೇಲೆ, ಮೊದಲು ಹೇಳಿದ ಆ ವಿಮಾನದ ಚಿತ್ರದಲ್ಲಿ, ಅವನಿಗಿಂತ ಏಳೆಂಟೇ ವರ್ಷ ದೊಡ್ಡವಳಾದ ಅವಳೇ ಅವನ ಹೆತ್ತತಾಯಿ! ಲಿಫ್ಟಿನಲ್ಲಿ ಕೊಲೆಗಡುಕರು ಪಕ್ಕದಲ್ಲೇ ನಿಂತಿರುವಾಗ ಈ ಮಹಾತಾಯಿ, ನೀವು ನಿಜವಾಗಿ ನನ್ನ ಮಗನನ್ನು ಕೊಲ್ಲಲು ಬಂದಿಲ್ಲ ತಾನೇ ಎಂದು ಅವರನ್ನೇ ವಿಚಾರಿಸುತ್ತಾಳೆ. ಲಿಫ್ಟಿಗೆ ಲಿಫ್ಟೇ ನಗುತ್ತದೆ.

“ತಾಯಿಯಾದರೇನಂತೆ, ಅತ್ತೆಯ ಬುದ್ಧಿ ಹೋಗಿಲ್ಲ” ಎಂದಳು ನನ್ನ ಹೆಂಡತಿ. ಒಳಗಿನ ಕೋಣೆಯಲ್ಲಿ ನನ್ನ ಅಮ್ಮ ಕೆಮ್ಮಿದರು.