ಹಾಲಿ ಗಿಡ, ಮಾಜಿ ಗಿಡ

ನನ್ನಾಕೆಗೆ ಬೇಲಿಯ ಹುಚ್ಚು ಹತ್ತಿದ್ದು ಅಮೆರಿಕದಲ್ಲಿ. ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದು ಬಂದೆವು. ಅಷ್ಟು ದಿನವೂ ನಾನು ಬೆರಗಾಗಿ ನೋಡಿದ್ದು ಪಾತ್ರೆ ತೊಳೆಯುವ ಯಂತ್ರವನ್ನು. ಅವಳು ನೋಡಿದ್ದು ಅಲ್ಲಿನ ಮನೆಗಳ ಮುಂದೆ ಮೊಣಕಾಲೆತ್ತರಕ್ಕೆ ಕತ್ತರಿಸಿದ ಬಾಕ್ಸ್‌ವುಡ್ ಗಿಡಗಳ ಸಾಲನ್ನು. ಮೂಲೆ ಮುಕ್ಕಾಗದ ಮೈಸೂರುಪಾಕಿಗೆ ಹಸಿರು ಬಣ್ಣ ಬಳಿದು ಜೋಡಿಸಿಟ್ಟಂತೆ ಇರುತ್ತಿತ್ತು ಅದು. ನನಗೆ ಅದನ್ನು ಕಂಡಾಗಲೆಲ್ಲ ಹಸಿವಾಗುತ್ತಿತ್ತು, ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮೂರೆಕರೆ ಕಾಫಿ ತೋಟ. ಮನೆಯ ಮುಂದೆ ತಲೆಗೆದರಿಕೊಂಡ ದಾಸವಾಳದ ಬೇಲಿ ಇತ್ತು, ಪೂಜೆಗೆ ಹೂವನ್ನೂ ಕೊಡುತ್ತಿತ್ತು. ಊರಿಗೆ ಬಂದ ವಾರದೊಳಗೆ ಅದು ಬುಡಸಮೇತ ಹೋಯಿತು. ಬೆಂಗಳೂರಿನ ಒಂದು ನರ್ಸರಿಯಿಂದ ನಲವತ್ತು ಬಾಕ್ಸ್‌ವುಡ್ ಸಸಿಗಳು ಬಂದವು. ಅದಕ್ಕೆ ಹುಳಿ ಮಣ್ಣು ಅಷ್ಟಾಗಿ ಹಿಡಿಸುವುದಿಲ್ಲ ಎಂದು ಓದಿ, ಕಾಫಿಗೆ ಹಾಕುವ ಕೃಷಿ ಸುಣ್ಣವನ್ನೇ ಒಂದು ಮೂಟೆ ತರಿಸಿ, ಅರ್ಧ ಮೂಟೆ ಬೆರೆಸಿ ನೆಟ್ಟೆ. ಉಳಿದ ಅರ್ಧ ಮೂಟೆಯನ್ನು ಕೊಟ್ಟಿಗೆಯ ಮೂಲೆಯಲ್ಲಿಟ್ಟೆ. ಈ ಅರ್ಧ ಮೂಟೆ ಮುಂದೆ ಮತ್ತೆ ಬರುತ್ತದೆ.

ಮೇ ತಿಂಗಳ ಬಿಸಿಲಿಗೆ ಅಂಗಳದಲ್ಲಿ ಬೆಕ್ಕಿನ ಮೂತ್ರದ ವಾಸನೆ ಏಳತೊಡಗಿತು. ನನ್ನಾಕೆ ಬೆಕ್ಕಿಗೆ ಹಾಲು ನಿಲ್ಲಿಸಿದಳು. ವಾಸನೆ ನಿಲ್ಲಲಿಲ್ಲ. ರಾತ್ರಿ ಬೆಕ್ಕನ್ನು ಸೌದೆ ಕೋಣೆಯಲ್ಲಿ ಕೂಡಿ ಹಾಕಿದಳು. ಆಗಲೂ ನಿಲ್ಲಲಿಲ್ಲ. ಕೊನೆಗೆ ಮಗಳು ಫೋನಿನಲ್ಲಿ, ‘ಅಮ್ಮಾ, ಅದು ಬಾಕ್ಸ್‌ವುಡ್ಡಿನದೇ ವಾಸನೆ, ಆ ಗಿಡದ ಎಲೆ ಇರುವುದೇ ಹಾಗೆ’ ಎಂದಾಗ ಬೆಕ್ಕಿಗೆ ಬಿಡುಗಡೆಯಾಯಿತು. ಅದು ಇಂದಿಗೂ ನಮ್ಮನ್ನು ಕ್ಷಮಿಸಿದಂತೆ ಕಾಣುವುದಿಲ್ಲ.

ಆಮೇಲೆ ಮಳೆ ಹಿಡಿಯಿತು. ವರ್ಷಕ್ಕೆ ನೂರು ಇಂಚು ದಾಟಿದರೂ ‘ಈ ಸಲ ಮಳೆ ಸ್ವಲ್ಪ ಕಡಿಮೆ’ ಎನ್ನುವ ಊರು ನಮ್ಮದು. ಆಗಸ್ಟ್ ಹೊತ್ತಿಗೆ ನಲವತ್ತೂ ಕಪ್ಪಾಗಿ, ಎಲೆ ಉದುರಿ, ಉಪಯೋಗಿಸಿ ಬಿಸಾಡಿದ ಹಲ್ಲುಜ್ಜುವ ಬ್ರಷ್ಷುಗಳಂತೆ ನಿಂತಿದ್ದವು. ಮಗಳಿಗೆ ಫೋನ್ ಮಾಡಿದೆ.

‘ಅಪ್ಪಾ, ಇಲ್ಲಿಯೂ ಬಾಕ್ಸ್‌ವುಡ್ಡಿಗೆ ಕಷ್ಟಕಾಲ. ಎಲೆ ಉದುರಿಸುವ ಒಂದು ಶಿಲೀಂಧ್ರ ರೋಗ 2011ರಲ್ಲಿ ಈ ದೇಶಕ್ಕೂ ಕಾಲಿಟ್ಟಿತು. ಎಲೆ ಒದ್ದೆಯಾಗಿದ್ದಷ್ಟೂ ಹೊತ್ತು ಹರಡುತ್ತದೆ. ಅದು ಸಾಲದೆಂದು ಎಲೆ ತಿನ್ನುವ ಒಂದು ಕಂಬಳಿಹುಳ ಬೇರೆ. ಅದಕ್ಕೇ ಜನ ಹಾಲಿ ಹಾಕುತ್ತಿದ್ದಾರೆ.’

‘ಹಾಲಿ ಏನು ಹಾಕುತ್ತಿದ್ದಾರೆ?’

‘ಹಾಲಿ.’

‘ಅದನ್ನೇ ನಾನೂ ಕೇಳುತ್ತಿರುವುದು. ಹಾಲಿ ಯಾವ ಗಿಡ ಹಾಕುತ್ತಿದ್ದಾರೆ?’

‘ಹಾಲಿ ಗಿಡ, ಅಪ್ಪಾ!’

ನನ್ನಾಕೆ ಫೋನ್ ಕಿತ್ತುಕೊಳ್ಳದಿದ್ದರೆ ಆ ಸಂಭಾಷಣೆ ಈಗಲೂ ನಡೆಯುತ್ತಿರುತ್ತಿತ್ತು. ಹಾಲಿ ಎನ್ನುವುದು ಗಿಡದ ಹೆಸರು ಎಂದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಬಾಕ್ಸ್‌ವುಡ್ಡಿಗೆ ‘ಮಾಜಿ’ ಎಂಬ ಹೆಸರು ತಾನಾಗಿಯೇ ಬಂತು. ನಮ್ಮ ಮಾಜಿಗಳು ಸತ್ತದ್ದು ಅಮೆರಿಕದ ರೋಗದಿಂದಲೇ ಎಂದು ನಾನು ಹೇಳಲಾರೆ. ಮೂರು ತಿಂಗಳು ನೀರಿನಲ್ಲಿ ಕಾಲಿಟ್ಟುಕೊಂಡು ನಿಂತರೆ ನಾನೂ ಕಪ್ಪಾಗುತ್ತೇನೆ.

ಕ್ರಿಸ್‌ಮಸ್ ಕಾರ್ಡಿನಲ್ಲಿ ಮುಳ್ಳೆಲೆ, ಕೆಂಪು ಹಣ್ಣಿನ ಹಾಲಿಯನ್ನು ಎಲ್ಲರೂ ನೋಡಿರುತ್ತಾರೆ. ಮಗಳು ಹೇಳಿದ್ದು ಅದಲ್ಲ, ಅದರ ಜಪಾನಿ ದಾಯಾದಿ. ಸಸ್ಯಶಾಸ್ತ್ರದವರು ಐಲೆಕ್ಸ್ ಕ್ರೆನಾಟ ಎನ್ನುತ್ತಾರೆ. 1784ರಲ್ಲಿ ಥುನ್‌ಬರ್ಗ್ ಎಂಬ ಸ್ವೀಡನ್ನಿನ ವೈದ್ಯ ಇಟ್ಟ ಹೆಸರು. ಎಲೆ ಕಿರುಬೆರಳಿನ ಉಗುರಿನಷ್ಟು, ಮುಳ್ಳಿಲ್ಲ, ಅಂಚಿನಲ್ಲಿ ಕಂಡೂ ಕಾಣದಂಥ ಹಲ್ಲು, ವರ್ಷವಿಡೀ ಹಸಿರು. ಕಾಯಿ ಬಿಟ್ಟರೆ ಹಣ್ಣು ಕಪ್ಪು, ಅದೂ ಹೆಣ್ಣು ಗಿಡದಲ್ಲಿ ಮಾತ್ರ. ಗಂಡು ಬೇರೆ, ಹೆಣ್ಣು ಬೇರೆ ಎಂದರೆ ಜಾಯಿಕಾಯಿ ಬೆಳೆದ ನಮ್ಮ ಕಡೆಯವರಿಗೆ ಅಚ್ಚರಿಯಿಲ್ಲ. ಬಿಸಿಲಿಗೆ ಬೆಕ್ಕಿನ ವಾಸನೆ ಇಲ್ಲ. ಮುಖ್ಯ ಸಂಗತಿ, ಇದಕ್ಕೆ ಹುಳಿ ಮಣ್ಣೇ ಬೇಕು. ಹುಳಿ ಮಣ್ಣಿಗೆ ಕೊಡಗಿನಲ್ಲಿ ಬರವೇ?

ಜಪಾನಿನಲ್ಲಿ ಇದನ್ನು ‘ಇನುತ್ಸುಗೆ’ ಎನ್ನುತ್ತಾರಂತೆ. ತ್ಸುಗೆ ಎಂದರೆ ಅಲ್ಲಿನ ಬಾಕ್ಸ್‌ವುಡ್, ಬಾಚಣಿಗೆ ಮಾಡುವ ಮರ್ಯಾದಸ್ಥ ಮರ. ಇನು ಎಂದರೆ ನಾಯಿ. ನೋಡಲು ಹಾಗೇ ಇದ್ದು ಅದಲ್ಲದ್ದಕ್ಕೆ ನಾಯಿಯ ಹೆಸರು ಅಂಟಿಸುವ ಬುದ್ಧಿ ನಮಗೆ ಮಾತ್ರ ಎಂದುಕೊಂಡಿದ್ದೆ. ಸಾಸಿವೆಯಲ್ಲದ್ದು ನಾಯಿಸಾಸಿವೆ, ಕೊಡೆಯಲ್ಲದ್ದು ನಾಯಿಕೊಡೆ. ಜಪಾನಿನವರೂ ನಮ್ಮವರೇ.

ನಾಲ್ಕು ಕಡ್ಡಿ ಪೆಟ್ಟಿಗೆಯಲ್ಲಿಟ್ಟು ತಾ ಎಂದರೆ ಮಗಳು ಬೈದಳು. ಹೊರದೇಶದ ಗಿಡ ತರಲು ಆಮದು ಪರವಾನಗಿ, ರೋಗವಿಲ್ಲವೆಂಬ ಪ್ರಮಾಣಪತ್ರ ಎಲ್ಲ ಬೇಕಂತೆ. ನಮ್ಮ ಮನೆಗೆ ಬಂದ ಅಳಿಯನಿಗೂ ಇಷ್ಟು ಕೇಳಿರಲಿಲ್ಲ. ಹೀಗಾಗಿ ಮತ್ತೆ ನರ್ಸರಿಗಳಿಗೆ ಫೋನ್. ‘ಹಾಲಿ ಇದೆಯೇ?’ ಎಂದರೆ ಒಬ್ಬರು, ‘ಹಾಲಿ ಇಲ್ಲ, ಮುಂದಿನ ವಾರ ಬನ್ನಿ’ ಎಂದರು. ಅದರ ಅರ್ಥ ಏನೆಂದು ಇನ್ನೂ ಹೊಳೆದಿಲ್ಲ. ಇನ್ನೊಬ್ಬರು ಇದೆ ಎಂದು ಇಪ್ಪತ್ತು ಕಳಿಸಿದರು. ಎಲೆ ಅದೇ, ಅಳತೆ ಅದೇ, ಹೊಳಪು ಅದೇ. ವೀಡಿಯೊದಲ್ಲಿ ನೋಡಿದ ಮಗಳು, ‘ಅಪ್ಪಾ, ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿವೆಯೇ, ಒಂದು ಈ ಕಡೆ ಇನ್ನೊಂದು ಮೇಲೆ ಆ ಕಡೆ ಇದೆಯೇ, ನೋಡಿ’ ಎಂದಳು. ಕನ್ನಡಕ ಒರೆಸಿಕೊಂಡು ನೋಡಿದೆ. ಮದುವೆ ಮನೆಯ ದಂಪತಿಗಳಂತೆ ಜೋಡಿಜೋಡಿಯಾಗಿ ಕುಳಿತಿದ್ದವು. ಹಾಲಿಯ ಎಲೆ ಹಾಗಿರುವುದಿಲ್ಲ, ಒಂದೊಂದೇ ಏಣಿ ಹತ್ತಿದಂತೆ ಇರುತ್ತದೆ. ಮಾಜಿಗಳೇ ಪಕ್ಷ ಬದಲಿಸಿ ಹಾಲಿಗಳಾಗಿ ಬಂದಿದ್ದರು.

ಮೂರನೆಯ ಕಡೆ ನಿಜವಾದವು ಸಿಕ್ಕವು, ಹನ್ನೆರಡೇ ಹನ್ನೆರಡು. ಎಲೆ ತಿರುವಿ ಹಾಕಿದ ಪುಟ್ಟ ಚಮಚದಂತೆ ಉಬ್ಬಿರುವ ತಳಿ. ಈ ಸಲ ಬುದ್ಧಿ ಬಂದಿತ್ತು. ಬೇರಿಗೆ ನೀರು ನಿಂತರೆ ಹಾಲಿಯೂ ಕೊಳೆಯುತ್ತದೆಂದು ಮಣ್ಣು ಏರಿಸಿ ದಿಣ್ಣೆ ಮಾಡಿ, ಪಕ್ಕದಲ್ಲಿ ಬಸಿಗಾಲುವೆ ತೋಡಿಸಿದೆ. ಇಷ್ಟೆಲ್ಲ ಜಾಣತನ ಮಾಡಿದವನು ಕೊಟ್ಟಿಗೆಗೆ ಹೋಗಿ ಆ ಅರ್ಧ ಮೂಟೆ ಸುಣ್ಣವನ್ನು ತಂದು ಸುರಿದೆ. ಏಕೆ ಎಂದು ನನ್ನಾಕೆ ಕೇಳಿದಳು, ಮಗಳು ಕೇಳಿದಳು, ಪಕ್ಕದ ತೋಟದ ಮಾವನೂ ಕೇಳಿದರು. ಹೊಸ ಗಿಡ, ಮಿಕ್ಕ ಸುಣ್ಣ, ಕೈ ತಾನಾಗಿ ಹೋಯಿತು. ಕಾಫಿ ಬೆಳೆಯುವವನ ಕೈ ಅದು.

ತಿಂಗಳೊಪ್ಪತ್ತಿನಲ್ಲಿ ಹೊಸ ಎಲೆಗಳು ಹಳದಿಯಾದವು. ನರ ಮಾತ್ರ ಹಸಿರು, ನಡುವೆಲ್ಲ ಹಳದಿ, ಜಿಲ್ಲಾ ಭೂಪಟದಲ್ಲಿ ನದಿಗಳಿಗೆ ಹಸಿರು ಶಾಯಿ ಹಾಕಿದಂತೆ. ಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಸುಣ್ಣ ಹೆಚ್ಚಾದಾಗ ಬೇರು ಅದನ್ನು ಹೀರಿಕೊಳ್ಳಲಾರದು. ಮೇಲಿನ ಸುಣ್ಣವನ್ನು ಕೆರೆದು ತೆಗೆದು, ತೋಟದ ಎಲೆಗೊಬ್ಬರ ಮುಚ್ಚಿ, ಆಕಾಶ ನೋಡುತ್ತ ಕುಳಿತೆ. ಜೂನ್ ಬಂತು. ನಮ್ಮ ಮಣ್ಣು ಹುಳಿಯಾಗಿರುವುದೇ ಈ ಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗುವುದರಿಂದ. ಮಾಜಿಗಳನ್ನು ಮುಗಿಸಿದ ಮಳೆಯೇ ಹಾಲಿಗಳನ್ನು ತೊಳೆದು ಉಳಿಸಿತು. ಸೆಪ್ಟೆಂಬರಿಗೆ ಕಡುಹಸಿರು. ಗುಂಡಗೆ, ಒತ್ತಾಗಿ, ಕೈಯಾಡಿಸಿದರೆ ಬೆರಳು ಒಳಗೆ ಇಳಿಯದಷ್ಟು ದಟ್ಟವಾಗಿ ಹನ್ನೆರಡೂ ಕುಳಿತಿದ್ದವು. ನನ್ನಾಕೆ ಪಟ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದಳು.

ಆಗಲೇ ಮೈಸೂರಿನಲ್ಲಿ ಒಂದು ಮದುವೆ ಬಂತು. ಹೊರಡುವ ಗಡಿಬಿಡಿಯಲ್ಲಿ ನಮ್ಮ ಆಳಿಗೆ, ‘ತೋಟದಲ್ಲಿ ಕಸಿ ಮುಗಿಸು, ಮುಂದಿನ ಗಿಡಗಳನ್ನೂ ನೋಡಿಕೋ’ ಎಂದೆ. ಬೇರೆ ಊರಿನ ಕನ್ನಡಿಗರಿಗೆ ಕಸಿ ಎಂದರೆ ಒಂದು ಗಿಡಕ್ಕೆ ಇನ್ನೊಂದನ್ನು ಕಟ್ಟುವುದು. ಕಾಫಿ ತೋಟದಲ್ಲಿ ಕಸಿ ಎಂದರೆ ಕತ್ತರಿಸುವುದು. ಒಳಗಿನ ಅಡ್ಡ ಚಿಗುರನ್ನೆಲ್ಲ ತೆಗೆದು, ನೆತ್ತಿ ಬಿಡಿಸಿ, ಗಿಡದ ನಡುವಿಗೆ ಗಾಳಿ ಬೆಳಕು ಬೀಳುವಂತೆ ಮಾಡುವುದು. ಆ ಕೆಲಸದಲ್ಲಿ ನಮ್ಮವನನ್ನು ಮೀರಿಸುವವರಿಲ್ಲ.

ಮೂರನೆಯ ದಿನ ಬಂದು ನೋಡಿದರೆ ಅಂಗಳದಲ್ಲಿ ಹನ್ನೆರಡು ಛತ್ರಿಗಳು. ಬುಡದಿಂದ ಗೇಣುದ್ದ ಬರೀ ಕಡ್ಡಿ, ತುದಿಯಲ್ಲಿ ನಾಲ್ಕು ರೆಂಬೆ, ನಡುವೆ ಆಚೆಯ ಗೇಟು ಕಾಣುವಷ್ಟು ಬಯಲು. ನಾವು ಎರಡು ವರ್ಷ ದುಡ್ಡು ಸುರಿದದ್ದು ಗಾಳಿ ಬೆಳಕು ತೂರದ ಗಿಡಕ್ಕಾಗಿ.

‘ಒಳಗೆ ಉಸಿರಾಡಲು ಜಾಗವೇ ಇರಲಿಲ್ಲ, ಸಾರ್. ಎಲ್ಲ ಬಿಡಿಸಿದ್ದೇನೆ. ಮುಂದಿನ ವರ್ಷ ಒಳ್ಳೆಯ ಫಸಲು ಬರುತ್ತದೆ.’

‘ಏನು ಫಸಲು?’

ಅವನು ಗಿಡವನ್ನೂ ನನ್ನನ್ನೂ ಒಮ್ಮೆ ನೋಡಿದ. ‘ಅದು ನಿಮಗೆ ಗೊತ್ತಿರಬೇಕಲ್ಲ, ಸಾರ್?’

ಫಸಲಿನ ಮಾತು ಪೂರಾ ಹುಚ್ಚೇನಲ್ಲ. ದಕ್ಷಿಣ ಅಮೆರಿಕದವರು ಬಿಸಿನೀರಿಗೆ ಹಾಕಿ ಹೀರುವ ಮಾತೆ ಎಂಬ ಎಲೆ ಈ ಹಾಲಿಯ ಕುಲದ್ದೇ, ಕಾಫಿಯಂತೆ ಅದರಲ್ಲೂ ಕೆಫೀನ್ ಇದೆ. ಉತ್ತರ ಅಮೆರಿಕದ ಇನ್ನೊಂದು ಹಾಲಿಯಲ್ಲೂ ಇದೆ, ಅದರ ಗಿಡ್ಡ ತಳಿಯನ್ನು ಬಾಕ್ಸ್‌ವುಡ್ಡಿಗೆ ಬದಲಾಗಿ ನೆಡುವುದೂ ಉಂಟು. ಆದರೆ ಅದಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ವಾಮಿಟೋರಿಯ, ಅಂದರೆ ವಾಂತಿ ಗಿಡ. ಇದನ್ನು ಹೇಳಿದಾಗ ನನ್ನಾಕೆ, ‘ನಮ್ಮದನ್ನು ಕುದಿಸುವ ಯೋಚನೆಯೇನಾದರೂ ಇದ್ದರೆ ನನಗೆ ಬೇರೆ ಪಾತ್ರೆ ಕೊಡಿಸಿ’ ಎಂದಷ್ಟೇ ಹೇಳಿ ಒಳಗೆ ಹೋದಳು. ಎರಡು ದಿನ ಮಾತಿಲ್ಲ.

ಜಪಾನಿ ಹಾಲಿಯ ದೊಡ್ಡ ಗುಣವೆಂದರೆ ಎಷ್ಟು ಕತ್ತರಿಸಿದರೂ ಹಳೆಯ ಕಡ್ಡಿಯಿಂದಲೇ ಮತ್ತೆ ಒಡೆಯುತ್ತದೆ. ಏಪ್ರಿಲ್ ಮಳೆ ಬಿದ್ದು ಹತ್ತು ದಿನಕ್ಕೆ ಬೋಳು ಕಡ್ಡಿಗಳ ಮೇಲೆ ಸೂಜಿಮೊನೆಯಷ್ಟು ಹಸಿರು ಮೂಡಿತು. ನಾನು ಬಗ್ಗಿ ನೋಡುತ್ತಿರುವಾಗ ಬೆನ್ನ ಹಿಂದೆ ಕೆಮ್ಮಿದ ಸದ್ದು.

‘ಸಾರ್, ಅಡ್ಡ ಚಿಗುರು ಬಂದಿದೆ. ತೆಗೆಯಲೇ?’

ಅವನನ್ನು ಅಂದಿನಿಂದ ಮೆಣಸಿನ ಬಳ್ಳಿಯ ಕೆಲಸಕ್ಕೆ ಹಾಕಿದ್ದೇನೆ, ತೋಟದ ಆ ತುದಿಯಲ್ಲಿ. ಈ ತುದಿಯಲ್ಲಿ ನಮ್ಮ ನಾಯಿ ಇದೆ. ಜಪಾನಿ ಹೆಸರು ಅದಕ್ಕೆ ಹೇಗೆ ಗೊತ್ತಾಯಿತೋ, ಗೇಟಿನ ಪಕ್ಕದ ಗಿಡ ತನ್ನದೆಂದು ನಿರ್ಧರಿಸಿ ದಿನಕ್ಕೆ ಮೂರು ಬಾರಿ ಕಾಲೆತ್ತಿತು. ಮೇ ಮುಗಿಯುವುದರೊಳಗೆ ಅದೊಂದು ಕಂದಿ ಒಣಗಿತು. ಬೆಕ್ಕು ಕಿಟಕಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿತ್ತು.

ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬರುವ ನನ್ನಾಕೆ ಈಗ ಮೊದಲು ಕೇಳುವುದು ಒಂದೇ.

‘ರೀ, ಎಷ್ಟಿವೆ?’

‘ಹಾಲಿ ಹನ್ನೊಂದು.’